ಉಪ್ಪುಗಾಳಿ ತಿಂದ ಪದ್ಮಿನಿ: ಮೊದಲು ತಗಡು, ಆಮೇಲೆ ಎಂಜಿನ್

ಕಾರವಾರದಿಂದ ಭಟ್ಕಳದವರೆಗೆ ಯಾವುದೋ ಕೊಟ್ಟಿಗೆಯಲ್ಲಿ ಹತ್ತಿಪ್ಪತ್ತು ವರ್ಷ ನಿಂತ ಹಳೆ ಪ್ರೀಮಿಯರ್ ಪದ್ಮಿನಿ ಕಾರು ಸಿಕ್ಕರೆ ಬಾನೆಟ್ ಎತ್ತುವ ಅವಸರ ಬೇಡ. 1089 ಸಿಸಿ ಎಂಜಿನ್ ಜಾಮ್ ಆಗಿದ್ದರೂ ಬಿಡಿಸಬಹುದು. ದುಡ್ಡು ತಿನ್ನುವುದು ತಗಡು. ಈ ಗಾಡಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್ ಹೋದರೆ ಬೆನ್ನುಮೂಳೆಯೇ ಹೋದ ಹಾಗೆ.

ಹಳೆ ಸ್ಕ್ರೂಡ್ರೈವರ್ ಹಿಡಿದು ಅಡಿಗೆ ನುಗ್ಗಿ. ಸಿಲ್, ಜಾಕ್ ಕೊಡುವ ಜಾಗ, ಬ್ಯಾಟರಿ ತಟ್ಟೆ, ಡಿಕ್ಕಿಯ ತಳ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಎಲ್ಲ ಕಡೆ ಹಿಡಿಕೆಯಿಂದ ಕುಟ್ಟಿ. ‘ಟಣ್’ ಎಂದರೆ ತಗಡಿದೆ. ‘ದಬ್’ ಎಂದರೆ ತುಕ್ಕಿನ ಮೇಲೆ ಮೆತ್ತಿದ ಪುಟ್ಟಿ; ಮೊನೆ ಒತ್ತಿದರೆ ಒಳಗಿಳಿದು ಕಂದು ಹುಡಿ ಉದುರುತ್ತದೆ. ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಡಿ ನೋಂದಣಿ ಸಿಗಬಹುದು, ಆದರೆ ಆಮೇಲೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ವೆಲ್ಡಿಂಗ್, ಪೇಂಟಿಂಗ್ ಏನಿದ್ದರೂ ದೀಪಾವಳಿಯಿಂದ ಏಪ್ರಿಲ್ ಒಳಗೆ. ಮಳೆಗಾಲ ಕಾರ್ಬುರೇಟರ್, ಡೈನಮೋ, ಬ್ರೇಕ್ ಸಿಲಿಂಡರ್ ಬಿಚ್ಚಿ ಕೂರುವ ಕಾಲ. ಜಾಮ್ ಆದ ಎಂಜಿನ್ನಿಗೆ ಪ್ಲಗ್ ತೂತಿನಿಂದ ಡೀಸೆಲ್ ಸುರಿದು ವಾರ ಬಿಡಿ, ಬಲಪ್ರಯೋಗ ಬೇಡ. ಗಾಡಿಗೆ ಪ್ಲಾಸ್ಟಿಕ್ ತಾಡಪಾಲು ಮಾತ್ರ ಹೊದಿಸಬೇಡಿ, ಒಳಗೇ ಬೆವರಿ ಇನ್ನಷ್ಟು ಕೊಳೆಯುತ್ತದೆ. ಗಾಳಿಯಾಡುವ ಶೆಡ್, ಸಿಮೆಂಟ್ ನೆಲ, ಕೆಳಗೆ ಸ್ಟ್ಯಾಂಡ್ ಸಾಕು. ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪಿಲ್ಲ ನಿಜ, ಥಂಡಿಗೇನೂ ಕೊರತೆಯಿಲ್ಲ.

ಸಿಲ್ ಕತ್ತರಿಸುವಾಗ ಆಗುವ ತಪ್ಪು ಒಂದೇ: ಎರಡೂ ಬದಿ ಒಟ್ಟಿಗೆ ಕತ್ತರಿಸುವುದು. ಬಾಡಿ ನಡುವಿಗೆ ಕುಸಿಯುತ್ತದೆ, ಮತ್ತೆ ಬಾಗಿಲು ಜನ್ಮದಲ್ಲಿ ಸರಿ ಕೂರುವುದಿಲ್ಲ. ಬಾಗಿಲು ಕಳಚುವ ಮೊದಲೇ ಅದರ ಸುತ್ತಲ ಸಂದುಗಳನ್ನು ಅಳೆದು ಬರೆದಿಡಿ. ತೆರೆದ ಬಾಗಿಲ ಚೌಕಟ್ಟಿಗೆ ಒಂದಿಂಚಿನ ಚೌಕ ಪೈಪು ಅಡ್ಡಡ್ಡ ಬೆಸೆಯಿರಿ, ಬಳಿಕ ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಮೊದಲೇ ಹೊರಗಿರಬೇಕು. ಸಿಲ್‌ಗೂ ತಳಕ್ಕೂ 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟ್, ಹೊರಮೈಗೆ 20 ಗೇಜ್. ಮಿಗ್ ವೆಲ್ಡಿಂಗ್ ಯಂತ್ರದಲ್ಲಿ 0.8 ಮಿಮೀ ತಂತಿ. ಉದ್ದಕ್ಕೆ ಗೆರೆ ಎಳೆಯಬೇಡಿ: ಒಂದು ಚುಕ್ಕೆ, ಇನ್ನೊಂದು ತುದಿಯಲ್ಲಿ ಮತ್ತೊಂದು, ಮುಟ್ಟುವಷ್ಟು ಆರಿದ ಮೇಲೆ ನಡುವೆ ಮೂರನೆಯದು. ಗ್ಯಾಸ್ ವೆಲ್ಡಿಂಗ್ ಮಾಡಿದರೆ ಹೊರಮೈ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಕರಾವಳಿಯ ನಿಜವಾದ ತಂಟೆ ತುಕ್ಕಿನ ಗುಳಿಯೊಳಗೆ ಕೂತ ಉಪ್ಪು. ವೈರ್ ಬ್ರಶ್ ತಿಕ್ಕಿದರೆ ತಗಡು ಹೊಳೆಯುತ್ತದೆ, ಉಪ್ಪು ಅಲ್ಲೇ ಇರುತ್ತದೆ, ಬಣ್ಣದಡಿಯೂ ಥಂಡಿ ಎಳೆದುಕೊಳ್ಳುತ್ತದೆ. ತಿಕ್ಕಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ. ಎರಡು ಮೂರು ಸಲ ಹೀಗೆ ಮಾಡಿ. ಗುಳಿಗಳಿಗೆ ಫಾಸ್ಫಾರಿಕ್ ಆಸಿಡ್ ಹಚ್ಚಿದರೆ ಅದನ್ನೂ ಪೂರ್ತಿ ತೊಳೆಯಿರಿ, ಉಳಿದರೆ ಮೇಲೆ ಹೊಡೆಯುವ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಬರಿ ತಗಡನ್ನು ರಾತ್ರಿ ಬಿಡಬೇಡಿ, ಬೆಳಗ್ಗೆ ಕಿತ್ತಳೆ ಬಣ್ಣ ಬಂದಿರುತ್ತದೆ. ಒಂದು ದಿನಕ್ಕೆ ಪ್ರೈಮರ್ ಹೊಡೆಯಲಾಗುವಷ್ಟೇ ಕೆರೆಯಿರಿ.

ಬಾಗಿಲ ಹಿಂಜ್, ಬ್ರಾಕೆಟ್‌ನಂಥ ಸಣ್ಣ ಭಾಗಗಳ ತುಕ್ಕು ಕರೆಂಟಿನಿಂದ ಬಿಡಿಸಲು 20 ಲೀಟರ್ ಪ್ಲಾಸ್ಟಿಕ್ ಬಕೆಟ್ ತುಂಬ ನೀರು, ಐದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್. ನೀರಲ್ಲಿ ಮುಳುಗಿಸಿದ ಭಾಗಕ್ಕೆ ನೆಗೆಟಿವ್, ಜೊತೆಗಿಳಿಸಿದ ಕಬ್ಬಿಣದ ಸರಳಿಗೆ ಪಾಸಿಟಿವ್. ಅದಲುಬದಲಾದರೆ ಭಾಗವೇ ಕರಗುತ್ತದೆ. ಸ್ಟೀಲ್ ಪಾತ್ರೆ, ಚಮಚ ಸರಳಿನ ಜಾಗಕ್ಕೆ ಬೇಡ, ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಕೆಟ್ ಬಯಲಲ್ಲಿರಲಿ. ಸ್ಪ್ರಿಂಗ್ ಹಾಕಬೇಡಿ, ಮುರುಕಾಗುತ್ತವೆ.

ತಗಡಿನ ಮೇಲೆ ನೇರ ಎಪಾಕ್ಸಿ ಪ್ರೈಮರ್, ಜೋಡುಗಳಿಗೆ ಸಂದು ಮುಚ್ಚುವ ಸೀಮ್ ಸೀಲರ್. ಬರಿ ಸರ್ಫೇಸರ್ (ಮೈ ನಯ ಮಾಡುವ ಪ್ರೈಮರ್) ಹೊಡೆದು ಮಳೆಗಾಲ ದಾಟಿಸುತ್ತೇನೆ ಎನ್ನಬೇಡಿ, ಅದು ನೀರು ಹೀರುತ್ತದೆ. ಬಣ್ಣ ಆರಿದ ಮೇಲೆ ಸಿಲ್, ಬಾಗಿಲುಗಳೊಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ಅಡಿಯ ತೂತುಗಳಿಂದ ಜಿನುಗುವವರೆಗೆ. ನೀರು ಹೊರಹೋಗುವ ತೂತುಗಳು ಅವೇ. ವ್ಯಾಕ್ಸ್ ಗಟ್ಟಿಯಾಗುವ ಮುನ್ನ ತಂತಿ ತೂರಿಸಿ ಬಿಡಿಸಿ, ಪ್ರತಿ ಮೇ ಕೊನೆಗೆ ಮತ್ತೊಮ್ಮೆ.