ದಾಳಿಂಬೆ ತೋಟಕ್ಕೆ ಎಥನಾಲ್ ಬಲೆ: ಕಟ್ಟುವುದು ಹೇಗೆ, ಯಾರು ಬಿದ್ದರೆಂದು ತಿಳಿಯುವುದು ಹೇಗೆ

ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ದಾಳಿಂಬೆ ಬೆಳೆಗಾರರಿಗೆ ಶಾಟ್ ಹೋಲ್ ಬೋರರ್ ಎಂದರೆ ನಿದ್ದೆಗೆಡಿಸುವ ಹೆಸರು. ಎರಡು ಮಿಲಿಮೀಟರ್ ಆಸುಪಾಸಿನ ಈ ಕಂದು ದುಂಬಿ ಕಾಂಡದ ಬುಡದಲ್ಲಿ ಗುಂಡುಸೂಜಿಯ ಗಾತ್ರದ ತೂತು ಕೊರೆಯುತ್ತದೆ. ಮರವನ್ನು ತಿನ್ನಲು ಅಲ್ಲ. ಸುರಂಗದೊಳಗೆ ತಾನೇ ಹೊತ್ತು ತಂದ ಶಿಲೀಂಧ್ರ ಬೆಳೆಸಿ ಮರಿಗಳಿಗೆ ಉಣಿಸಲು. ಹೊಸ ಗಿಡ ಹುಡುಕಿ ಹಾರುವುದು ಹೆಣ್ಣು ಮಾತ್ರ. ಗಂಡಿಗೆ ಹಾರಲು ಬಾರದು.

ಹೆಣ್ಣಿಗೆ ದಾರಿ ತೋರಿಸುವುದು ವಾಸನೆ. ನೀರು ನಿಂತು ಬೇರಿಗೆ ಉಸಿರು ಕಟ್ಟಿದ ಗಿಡದಲ್ಲಿ ಎಥನಾಲ್ ಎಂಬ ಮದ್ಯಸಾರ ಹುಟ್ಟಿ ತೊಗಟೆಯಿಂದ ಹೊರಸೂಸುತ್ತದೆ. ಹಾಗಾಗಿ ಬಲೆಗೆ ಮೊದಲು ಡ್ರಿಪ್ ನೋಡಿ. ಯಾವ ಪಾತಿಯಲ್ಲಿ ನೀರು ಇಂಗದೆ ನಿಲ್ಲುತ್ತದೆಯೋ ಅಲ್ಲಿನ ಗಿಡವೇ ದುಂಬಿಯನ್ನು ಕರೆಯುತ್ತಿರುತ್ತದೆ. ಇದನ್ನು ಸರಿಪಡಿಸದೆ ಎಷ್ಟು ಬಲೆ ಕಟ್ಟಿದರೂ ವ್ಯರ್ಥ.

ಈಗ ಅದೇ ವಾಸನೆಯಿಂದ ದುಂಬಿಯನ್ನು ಸೆಳೆಯುವ ಬಲೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಮುಚ್ಚಳ ಬಿಗಿದು ತಲೆಕೆಳಗು ಮಾಡಿ. ಮೇಲ್ಭಾಗದಲ್ಲಿ ಮೂರು ಕಡೆ ಕಿಟಕಿ ಕತ್ತರಿಸಿ. ಬಾಟಲಿಯ ತಳವೇ ಮಳೆಗೆ ಸೂರಾಗುತ್ತದೆ. ಕೆಳಗಿನ ಕತ್ತಿನಲ್ಲಿ ಎರಡು ಬೆರಳಿನಷ್ಟು ಸಾಬೂನು ನೀರು ಹಾಕಿ. ಒಳಗೆ, ಮುಚ್ಚಳದಲ್ಲಿ ಸಣ್ಣ ತೂತು ಮಾಡಿದ ಪುಟ್ಟ ಸೀಸೆಯಲ್ಲಿ ಸ್ಯಾನಿಟೈಸರ್ ತುಂಬಿ ತೂಗುಹಾಕಿ. ಲೇಬಲ್ಲಿನಲ್ಲಿ ಎಥನಾಲ್ ಅಥವಾ ಈಥೈಲ್ ಆಲ್ಕೊಹಾಲ್ ಎಂದಿರಬೇಕು; ಐಸೊಪ್ರೊಪೈಲ್ ಬೇಡ, ಸುಗಂಧ ಬೆರೆತದ್ದೂ ಬೇಡ. (ಬ್ರಾಂದಿ ಸುರಿಯುವ ಉತ್ಸಾಹವೂ ಬೇಡ. ದುಬಾರಿ, ಮೇಲಾಗಿ ತೆಳು.)

ಇದನ್ನು ದಾಳಿಂಬೆ ಗಿಡಕ್ಕೇ ಕಟ್ಟುವುದು ಹಲವರಿಗೆ ಸಹಜವೆನಿಸುತ್ತದೆ. ಆದರೆ ವಾಸನೆ ಹಿಡಿದು ಬಂದ ದುಂಬಿಗಳೆಲ್ಲ ಬಾಟಲಿಗೆ ಬೀಳುವುದಿಲ್ಲ, ಪಕ್ಕದ ಕಾಂಡಕ್ಕೂ ಇಳಿಯುತ್ತವೆ. ಬೇಲಿಯಂಚಿನಲ್ಲಿ, ಗಿಡಗಳಿಂದ ದೂರ ಗೂಟ ನೆಟ್ಟು, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ತೂಗುಬಿಡಿ. ವಾರಕ್ಕೊಮ್ಮೆ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಭೂತಗನ್ನಡಿ ಹಿಡಿದು ಎಣಿಸಿ, ಸೀಸೆ ಮತ್ತೆ ತುಂಬಿಸಿ.

ಆದರೆ ವಾಸನೆಯ ಕರೆ ಯಾರನ್ನು ಕರೆದಿದೆಯೋ ಅವರಿಗೆ ಮಾತ್ರ ಕೇಳಿಸುವಂಥದ್ದಲ್ಲ. ಇದು ಚೆನ್ನಾಗಿ ತಿಳಿದಿರುವುದು ಶೀತ ದೇಶಗಳ ಪೈನ್ ಕಾಡುಗಳಿಂದ. ಅಲ್ಲಿನ ಇಪ್ಸ್ ಜಾತಿಯ ತೊಗಟೆ ದುಂಬಿಗಳು ಮರ ಹಿಡಿದೊಡನೆ ವಾಸನೆ ಬಿಟ್ಟು ಬಳಗವನ್ನು ಕರೆಯುತ್ತವೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಇಪ್ಸ್ ದುಂಬಿಯಿಂದ ಇಪ್ಸೆನಾಲ್, ಇಪ್ಸ್‌ಡೈಎನಾಲ್, ಸಿಸ್-ವರ್ಬೆನಾಲ್ ಎಂಬ ಮೂರು ರಾಸಾಯನಿಕಗಳನ್ನು ಬೇರ್ಪಡಿಸಲಾಯಿತು. ಮರ ತುಂಬಿದ ಮೇಲೆ ವರ್ಬೆನೋನ್ ಎಂಬ ವಾಸನೆ ಹೆಚ್ಚುತ್ತದೆ. ಇನ್ನು ಜಾಗವಿಲ್ಲ, ಬೇರೆಡೆ ಹೋಗಿ ಎಂಬುದು ಅದರರ್ಥ. ಈ ಮಾತುಕತೆಯನ್ನು ಕದ್ದು ಕೇಳುವುದು ಥನಾಸಿಮಸ್ ಎಂಬ ಬೇಟೆಗಾರ ದುಂಬಿ. ಇಪ್ಸ್‌ಡೈಎನಾಲ್ ಮೂಸಿಕೊಂಡೇ ಬಂದು, ಬಳಗ ಸೇರಲು ಇಳಿಯುವವರನ್ನು ತೊಗಟೆಯ ಮೇಲೇ ಹಿಡಿದು ತಿನ್ನುತ್ತದೆ. ಅದೇ ವಾಸನೆಯ ಬಲೆ ಕಟ್ಟಿದರೆ ಈ ಮಿತ್ರನೂ ಅದರಲ್ಲಿ ಸಾಯುತ್ತಾನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಲೆಗೆ ಲ್ಯಾನಿಯೆರೋನ್ ಎಂಬ ಇನ್ನೊಂದು ವಾಸನೆ ಬೆರೆಸಿದಾಗ ಇಪ್ಸ್ ದುಂಬಿಗಳು ಹೆಚ್ಚು ಬಂದವು, ಬೇಟೆಗಾರರು ಅದಕ್ಕೆ ಅಷ್ಟಾಗಿ ಒಲಿಯಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಜಾಣತನದ ಕೆಲಸ ಅದೇ.

ನಮ್ಮ ಬಾಟಲಿಗೆ ಅಂಥ ಮದ್ದಿಲ್ಲ, ಜರಡಿಯುಂಟು. ಕಿಟಕಿಗಳಿಗೆ ನಾಲ್ಕೈದು ಮಿಲಿಮೀಟರ್ ಕಣ್ಣಿನ ಜಾಲರಿ ಅಂಟಿಸಿ: ಕೊರಕ ಸಲೀಸಾಗಿ ನುಸುಳುತ್ತದೆ, ಅದಕ್ಕಿಂತ ದಪ್ಪನೆಯ ಕೀಟಗಳು ಹೊರಗುಳಿಯುತ್ತವೆ. ಸೋಸಿದಾಗ ಉದ್ದ ಮೈ, ರೋಮ, ಬಣ್ಣದ ಪಟ್ಟೆಗಳಿರುವ ಚುರುಕು ದುಂಬಿ ಸಿಕ್ಕರೆ ಅದು ಥನಾಸಿಮಸ್‌ನಂಥ ಬೇಟೆಗಾರ ಇರಬಹುದು; ಅದನ್ನು ಶತ್ರುವಿನ ಲೆಕ್ಕಕ್ಕೆ ಸೇರಿಸಬೇಡಿ. ಪದೇ ಪದೇ ಸಿಗುತ್ತಿದ್ದರೆ ಜಾಲರಿಯ ಕಣ್ಣು ಇನ್ನಷ್ಟು ಕಿರಿದಾಗಲಿ.

ಬಲೆ ಕೀಟವನ್ನು ತೀರಿಸುವುದಿಲ್ಲ, ಬಂದಿದೆ ಎಂದು ಹೇಳುತ್ತದೆ ಅಷ್ಟೆ. ಎಣಿಕೆ ಏರತೊಡಗಿದರೆ ಬುಡಗಳನ್ನು ಒಂದೊಂದಾಗಿ ನೋಡಿ, ಕಾಂಡಕ್ಕೆ ಏನು ಬಳಿಯಬೇಕೆಂದು ಹಿರಿಯೂರು ಬಳಿಯ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಚಾಟನಿ ಮಾಡಿದ (ಸವರಿದ) ಕೊಂಬೆಗಳನ್ನೂ ಸೊರಗಿದ ಗಿಡಗಳನ್ನೂ ಬದುವಿನ ಮೇಲೆ ರಾಶಿ ಹಾಕದೆ ಅಂದೇ ಸುಟ್ಟುಬಿಡಿ.