ಎಕ್ಸ್‌ಚೇಂಜ್ ಸರ್ವರ್ ರೀಬೂಟ್ ಮಾಡುವ ಮುನ್ನ

ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ಗೆ ಪ್ಯಾಚ್ ಹಾಕಿದ ಕೂಡಲೇ ರೀಸ್ಟಾರ್ಟ್ ಒತ್ತಿಬಿಡುವ ಅಡ್ಮಿನ್‌ಗಳನ್ನು ಬಹಳ ನೋಡಿದ್ದೇನೆ. ಡಿಎಜಿ (ಮೇಲ್ ಡೇಟಾಬೇಸ್‌ಗಳ ಕಾಪಿ ಹಂಚಿಕೊಂಡಿರುವ ಸರ್ವರ್‌ಗಳ ಗುಂಪು) ಇದೆಯಲ್ಲ, ಪಕ್ಕದ ಸರ್ವರ್ ನೋಡಿಕೊಳ್ಳುತ್ತದೆ ಎಂಬ ಧೈರ್ಯ. ಡೇಟಾಬೇಸ್‌ಗಳನ್ನೇನೋ ಅದು ಎತ್ತಿಕೊಳ್ಳುತ್ತದೆ. ಕ್ಯೂನಲ್ಲಿ ಕೂತ ಮೇಲ್‌ಗಳು ಮಾತ್ರ ತಡವಾಗುತ್ತವೆ, ಬಳಕೆದಾರರ ಫೋನ್ ನಿಮಗೇ ಬರುತ್ತದೆ.

ಎಕ್ಸ್‌ಚೇಂಜ್ 2013ರಿಂದ ಸರ್ವರ್‌ನ ಒಂದೊಂದು ಕಾಂಪೊನೆಂಟ್‌ಗೂ ಪ್ರತ್ಯೇಕ ಸ್ಟೇಟ್ ಇದೆ. ಸರ್ವರನ್ನು ಸುರಕ್ಷಿತವಾಗಿ ಇಳಿಸಿ ಮತ್ತೆ ಏರಿಸುವ ಸ್ಕ್ರಿಪ್ಟ್ ಬರೆಯುವುದು ಅದರ ಮೇಲೆಯೇ.

ಮೊದಲು ಈಗಿರುವ ಆ್ಯಕ್ಟಿವೇಷನ್ ಪಾಲಿಸಿಯನ್ನು (ಈ ಸರ್ವರ್‌ನ ಡೇಟಾಬೇಸ್ ಕಾಪಿಗಳು ತಾವಾಗಿ ಆ್ಯಕ್ಟಿವ್ ಆಗಬಹುದೇ ಎಂಬ ಸೆಟ್ಟಿಂಗ್) ಒಂದು ಫೈಲಿಗೆ ಬರೆಸಿಡಿ. ಆಮೇಲೆ ಮೇಲ್ ಸಾಗಿಸುವ ಹಬ್‌ಟ್ರಾನ್ಸ್‌ಪೋರ್ಟ್ ಕಾಂಪೊನೆಂಟನ್ನು ಡ್ರೇನಿಂಗ್‌ಗೆ (ಹೊಸದು ತೆಗೆದುಕೊಳ್ಳದೆ ಇರುವುದನ್ನು ಖಾಲಿ ಮಾಡುವ ಸ್ಥಿತಿಗೆ) ಹಾಕಿ, ಟ್ರಾನ್ಸ್‌ಪೋರ್ಟ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ರಿಡೈರೆಕ್ಟ್-ಮೆಸೇಜ್ ಕಮಾಂಡಿನಿಂದ ಬಾಕಿ ಮೇಲ್‌ಗಳನ್ನು ಇನ್ನೊಂದು ಸರ್ವರ್‌ಗೆ ಕಳಿಸಿ. ಟಾರ್ಗೆಟ್‌ಗೆ ಪೂರ್ಣ ಡೊಮೇನ್ ಹೆಸರೇ ಕೊಡಬೇಕು, ಚಿಕ್ಕ ಹೆಸರು ನಡೆಯದು.

ಇಲ್ಲಿ ಕಾಯಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಎಷ್ಟೋ ಸ್ಕ್ರಿಪ್ಟ್‌ಗಳು ಐದು ನಿಮಿಷ ಸ್ಲೀಪ್ ಹಾಕಿ ಮುಂದೆ ಹೋಗುತ್ತವೆ. ಅಂಥದ್ದನ್ನು ಬಳಸಲೇಬೇಡಿ. ಗೆಟ್-ಕ್ಯೂ ಲೂಪಿನಲ್ಲಿ ಓಡಿಸಿ, ಎಣಿಕೆ ಸೊನ್ನೆಗೆ ಇಳಿದ ಮೇಲೇ ಮುಂದಿನ ಸಾಲು. ಆದರೆ ಶ್ಯಾಡೋ (ಮೇಲ್‌ಗಳ ಹೆಚ್ಚುವರಿ ಕಾಪಿ ಇಡುವ) ಮತ್ತು ಪಾಯ್ಸನ್ (ಸರ್ವರ್‌ಗೆ ತೊಂದರೆ ಕೊಡಬಹುದಾದ ಮೇಲ್‌ಗಳನ್ನು ತಡೆದಿಡುವ) ಕ್ಯೂಗಳನ್ನು ಈ ಲೆಕ್ಕದಿಂದ ಬಿಡಿ. ಅವು ರಿಡೈರೆಕ್ಟ್ ಆಗುವುದಿಲ್ಲ, ಸೇರಿಸಿದರೆ ಲೂಪ್ ಮುಗಿಯುವುದೇ ಇಲ್ಲ.

ಬಳಿಕ ಕ್ಲಸ್ಟರ್ ನೋಡ್ (ಗುಂಪಿನಲ್ಲಿ ಈ ಸರ್ವರ್) ಸಸ್ಪೆಂಡ್, ಡೇಟಾಬೇಸ್‌ಗಳ ಸ್ಥಳಾಂತರ, ಪಾಲಿಸಿ ಬ್ಲಾಕ್ಡ್, ಕೊನೆಗೆ ಇಡೀ ಸರ್ವರನ್ನು ಆಫ್‌ಲೈನ್ ಮಾಡುವ ಸರ್ವರ್‌ವೈಡ್‌ಆಫ್‌ಲೈನ್ ಕಾಂಪೊನೆಂಟ್ ಇನ್‌ಆ್ಯಕ್ಟಿವ್. ಮೌಂಟೆಡ್ (ಬಳಕೆಯಲ್ಲಿರುವ) ಡೇಟಾಬೇಸ್ ಕಾಪಿ ಒಂದೂ ಉಳಿದಿಲ್ಲ ಎಂದು ಕಣ್ಣಾರೆ ನೋಡಿಯೇ ರೀಬೂಟ್ ಮಾಡಿ. ಒಂದು ಉಳಿದಿದ್ದರೆ ಬಲವಂತ ಮಾಡಬೇಡಿ, ಅದರ ಇನ್ನೊಂದು ಕಾಪಿ ಆರೋಗ್ಯವಾಗಿದೆಯೇ ಎಂದು ಮೊದಲು ನೋಡಿ.

ಹೆಚ್ಚಿನವರು ಎಡವುವುದು ವಾಪಸ್ ಬರುವಾಗ. ಸ್ಟೇಟ್ ಬದಲಿಸುವ ಪ್ರತಿ ಕಮಾಂಡಿನಲ್ಲೂ ರಿಕ್ವೆಸ್ಟರ್ ಎಂಬ ಹೆಸರಿರುತ್ತದೆ: ಮೇಂಟೆನೆನ್ಸ್, ಫಂಕ್ಷನಲ್, ಹೆಲ್ತ್‌ಎಪಿಐ, ಸೈಡ್‌ಲೈನ್ಡ್, ಡಿಪ್ಲಾಯ್‌ಮೆಂಟ್. ಇವುಗಳಲ್ಲಿ ಯಾವುದಾದರೂ ಒಂದು ಇನ್‌ಆ್ಯಕ್ಟಿವ್ ಎಂದಿದ್ದರೆ ಕಾಂಪೊನೆಂಟ್ ಏಳುವುದಿಲ್ಲ. ಮೇಂಟೆನೆನ್ಸ್ ಹೆಸರಲ್ಲಿ ಮಲಗಿಸಿದ್ದನ್ನು ಫಂಕ್ಷನಲ್ ಹೆಸರಲ್ಲಿ ಎಬ್ಬಿಸಲು ಹೋದರೆ ಎರರ್ ಬರದೆ ಕಮಾಂಡ್ ಮುಗಿಯುತ್ತದೆ, ಮೇಲ್ ಮಾತ್ರ ಓಡದು. ಆದ್ದರಿಂದ ಆ ಹೆಸರನ್ನು ಸ್ಕ್ರಿಪ್ಟ್ ತಲೆಯಲ್ಲಿ ಒಂದೇ ವೇರಿಯಬಲ್‌ನಲ್ಲಿಡಿ, ಹೋಗುವಾಗಲೂ ಬರುವಾಗಲೂ ಅದನ್ನೇ ಬಳಸಿ. ಅನುಮಾನ ಬಂದರೆ ಗೆಟ್-ಸರ್ವರ್‌ಕಾಂಪೊನೆಂಟ್‌ಸ್ಟೇಟ್ ಫಲಿತಾಂಶದ ಲೋಕಲ್‌ಸ್ಟೇಟ್ಸ್ ಬಿಡಿಸಿ ನೋಡಿ. ಯಾರ ಹೆಸರಲ್ಲಿ ಬೀಗ ಬಿದ್ದಿದೆ ಎಂಬುದು ಅಲ್ಲೇ ಕಾಣುತ್ತದೆ.

ಪಾಲಿಸಿಯನ್ನು ಕಣ್ಣುಮುಚ್ಚಿ ಅನ್‌ರಿಸ್ಟ್ರಿಕ್ಟೆಡ್ ಮಾಡಬೇಡಿ, ಬರೆಸಿಟ್ಟ ಹಳೆಯ ಮೌಲ್ಯವನ್ನೇ ಹಿಂದಿರುಗಿಸಿ. ಸರ್ವರ್‌ವೈಡ್‌ಆಫ್‌ಲೈನ್ ಆ್ಯಕ್ಟಿವ್ ಮಾಡಿ, ನೋಡ್ ರೆಸ್ಯೂಮ್ ಮಾಡಿ, ಹಬ್‌ಟ್ರಾನ್ಸ್‌ಪೋರ್ಟ್ ಆ್ಯಕ್ಟಿವ್ ಮಾಡಿ, ಟ್ರಾನ್ಸ್‌ಪೋರ್ಟ್ ಸರ್ವಿಸನ್ನು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ. ಡೇಟಾಬೇಸ್‌ಗಳು ಕೂಡಲೇ ಮರಳುವುದಿಲ್ಲ. ಟೆಸ್ಟ್-ರೆಪ್ಲಿಕೇಷನ್‌ಹೆಲ್ತ್ ಎಲ್ಲವನ್ನೂ ಪಾಸ್ ಮಾಡಿದ ಮೇಲೆ ಎಕ್ಸ್‌ಚೇಂಜ್ ಜೊತೆಗೇ ಬರುವ ರಿಡಿಸ್ಟ್ರಿಬ್ಯೂಟ್‌ಆ್ಯಕ್ಟಿವ್‌ಡೇಟಾಬೇಸಸ್ ಸ್ಕ್ರಿಪ್ಟ್ ಓಡಿಸಿ, ಅಲ್ಲಿಯವರೆಗೆ ಎರಡನೇ ಸರ್ವರ್ ಮುಟ್ಟಬೇಡಿ.