ಕಿವಿಮೊರೆತ ಇರುವಾಗಲೇ ಆತ್ಮವಿಶ್ವಾಸ ಮರಳಿ ಪಡೆಯುವುದು ಹೇಗೆ?

ಹೊರಗೆ ಯಾವ ಸದ್ದೂ ಇಲ್ಲದಿದ್ದರೂ ಕಿವಿಯೊಳಗೆ ಗುಂಯ್‌ಗುಡುವ ಅಥವಾ ಕೀರಲು ಸದ್ದು ಕೇಳಿಸುವುದಕ್ಕೆ ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಇದಕ್ಕೆ ಸಿಕ್ಕವರಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪೆಂದರೆ, ಸದ್ದು ನಿಂತ ಮೇಲೆ ಮೊದಲಿನಂತೆ ಎಲ್ಲರೊಡನೆ ಬೆರೆತರಾಯಿತು ಎಂದು ಕಾಯುತ್ತ ಕೂರುವುದು. ಹೀಗೆ ಕಾದವರು ಮೊದಲು ಸಭೆ ಸಮಾರಂಭಗಳನ್ನು ಬಿಡುತ್ತಾರೆ, ಆಮೇಲೆ ಫೋನ್ ಎತ್ತುವುದನ್ನೂ ಬಿಡುತ್ತಾರೆ.

ಮೊದಲ ಹೆಜ್ಜೆ: ಕಿವಿ, ಮೂಗು, ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಮಿಡಿತದ ಲಯದಲ್ಲಿದ್ದರೆ ಅಥವಾ ತಲೆಸುತ್ತಿನ ಜೊತೆ ಬಂದರೆ ತಡಮಾಡಬೇಡಿ. ಇದ್ದಕ್ಕಿದ್ದಂತೆ ಕಿವಿ ಕೇಳಿಸದಾದರೆ ಅಂದೇ ಹೋಗಿ. ಶ್ರವಣ ದೋಷವಿದ್ದು ವೈದ್ಯರು ಶ್ರವಣ ಸಾಧನ ಸೂಚಿಸಿದರೆ ನಾಚಿಕೆಯಿಲ್ಲದೆ ಧರಿಸಿ. ಗಿಂಕೋ ಎಂಬ ಮರದ ಎಲೆಯ ಸಾರದಿಂದ ಮಾಡಿದ, ಜಾಹೀರಾತಿನ ಮಾತ್ರೆಗಳಿಗೆ ಹಣ ಸುರಿಯಬೇಡಿ. ಅವುಗಳಿಂದ ಪ್ರಯೋಜನವಾಗುತ್ತದೆ ಎನ್ನಲು ಪುರಾವೆಯಿಲ್ಲ.

ಎರಡನೆಯ ಹೆಜ್ಜೆ: ನಿಶ್ಶಬ್ದವನ್ನು ಹುಡುಕಿಕೊಂಡು ಹೋಗಬೇಡಿ. 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿ ಕೇಳುವ 80 ಮಂದಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದಾಗ ಅವರಲ್ಲಿ ಶೇ 94ರಷ್ಟು ಜನರಿಗೆ ಏನಾದರೊಂದು ಸದ್ದು ಕೇಳಿಸಿತ್ತು. ರಾತ್ರಿ ಫ್ಯಾನ್ ಅಥವಾ ಮಳೆಯ ಸದ್ದನ್ನು ಕಿವಿಮೊರೆತಕ್ಕಿಂತ ತುಸು ಕಡಿಮೆ ಮಟ್ಟದಲ್ಲಿ ಇಟ್ಟುಕೊಳ್ಳಿ. ಹಾಡು ಬೇಡವೇ ಬೇಡ, ಅದರ ಮಾತುಗಳು ಮನಸ್ಸನ್ನು ಎಳೆಯುತ್ತವೆ. ಕೂಗಿ ಮಾತಾಡಬೇಕಾದಷ್ಟು ಗದ್ದಲವಿರುವಲ್ಲಿ ಇಯರ್‌ಪ್ಲಗ್ ಸರಿ, ಆದರೆ ದಿನವಿಡೀ ತುರುಕಿಕೊಂಡಿದ್ದರೆ ಸಣ್ಣ ಸದ್ದೂ ಸಹಿಸಲಾಗದಂತಾಗುತ್ತದೆ.

ಹೆಚ್ಚಿನವರು ಎಡವುವುದು ಮೂರನೆಯ ಹೆಜ್ಜೆಯಲ್ಲಿ, ಅಂದರೆ ಜನರ ನಡುವೆ ಮರಳುವಾಗ. ತಿಂಗಳುಗಟ್ಟಲೆ ಹೊರಗೆ ಹೋಗದವರು ಒಮ್ಮೆಗೇ ದೊಡ್ಡ ಸಮಾರಂಭಕ್ಕೆ ಹೋಗಿ, ಹತ್ತೇ ನಿಮಿಷಕ್ಕೆ ಎದ್ದು ಬಂದು, ಇನ್ನು ತನ್ನಿಂದಾಗದು ಎಂದು ತೀರ್ಮಾನಿಸಿಬಿಡುತ್ತಾರೆ. ಅದರ ಬದಲು, ಸದ್ದಿನ ಕಾರಣಕ್ಕೆ ಬಿಟ್ಟ ಕೆಲಸಗಳನ್ನೆಲ್ಲ ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಎದುರು ಅಳುಕಿಗೆ ಹತ್ತರಲ್ಲಿ ಎಷ್ಟು ಅಂಕವೆಂದು ಗುರುತಿಸಿ. ಮೂರು ಅಂಕದ ಕೆಲಸದಿಂದ ಆರಂಭಿಸಿ: ಒಬ್ಬ ಗೆಳೆಯನೊಡನೆ ಶಾಂತ ಕೋಣೆಯಲ್ಲಿ ಅರ್ಧ ಗಂಟೆ ಮಾತು. ಮುಂದಿನ ಸಲ ಅದೇ ಗೆಳೆಯನೊಡನೆ ಸ್ವಲ್ಪ ಗಲಾಟೆಯ ಜಾಗ, ಆಮೇಲೆ ನಾಲ್ಕು ಜನರ ಗುಂಪು. ಎಷ್ಟು ಹೊತ್ತು ಇರುತ್ತೀರೆಂದು ಮೊದಲೇ ನಿರ್ಧರಿಸಿ, ಆ ಹೊತ್ತು ಮುಗಿದ ಮೇಲೆಯೇ ಏಳಿ. ಸದ್ದು ಏರಿತೆಂದು ಎದ್ದು ಹೋದರೆ, ಓಡಿ ಬಂದದ್ದರಿಂದಲೇ ಬಚಾವಾದೆ ಎಂದು ಮನಸ್ಸು ಕಲಿಯುತ್ತದೆ. ಅಳುಕಿನ ಅಂಕ ಅರ್ಧಕ್ಕೆ ಇಳಿಯುವ ತನಕ ಅದೇ ಕೆಲಸವನ್ನು ಮತ್ತೆ ಮಾಡಿ.

ಹೊರಡುವ ಮುನ್ನ ಏನಾದೀತೆಂಬ ಭಯ, ಬಂದ ಮೇಲೆ ನಿಜವಾಗಿ ಏನಾಯಿತು, ಈ ಎರಡನ್ನೂ ಎರಡು ಸಾಲಿನಲ್ಲಿ ಬರೆದಿಡಿ. ‘ಪೆದ್ದನಂತೆ ಕಾಣುತ್ತೇನೆ’ ಎಂಬ ಸಾಲಿನ ಕೆಳಗೆ ‘ಎರಡು ಸಲ ಮತ್ತೊಮ್ಮೆ ಹೇಳಿ ಎಂದೆ, ಅವರು ಹೇಳಿದರು’ ಎಂಬ ಸಾಲು ಬರುತ್ತದೆ. ಸದ್ದಿನ ಮಟ್ಟವನ್ನು ಮಾತ್ರ ಎಂದೂ ಬರೆಯಬೇಡಿ. ನಿತ್ಯ ಅಂಕ ಕೇಳುವ ಆ್ಯಪ್‌ಗಳು ನನಗೆ ಸೇರುವುದಿಲ್ಲ, ಏಕೆಂದರೆ ಅಂಕ ಕೊಡಲೆಂದೇ ಸದ್ದಿಗೆ ಕಿವಿಗೊಡಬೇಕಾಗುತ್ತದೆ.

ಎದುರಿನವರಿಗೆ ವಿಷಯ ತಿಳಿಸುವುದೂ ಇದೇ ಹೆಜ್ಜೆಗೆ ಸೇರಿದ್ದು. ಜರ್ಮನ್ ಸಂಗೀತ ಸಂಯೋಜಕ ಬೀಥೋವನ್ 1801ರಲ್ಲಿ ಗೆಳೆಯ ವೆಗೆಲರ್‌ಗೆ ಬರೆದ ಪತ್ರದಲ್ಲಿ, ಕಿವಿಗಳು ಹಗಲಿರುಳೂ ಮೊರೆಯುತ್ತಿವೆಯೆಂದೂ, ತನಗೆ ಕಿವಿ ಕೇಳಿಸದೆಂದು ಜನರಿಗೆ ಹೇಳಲಾಗದೆ ಸುಮಾರು ಎರಡು ವರ್ಷದಿಂದ ಅವರ ಸಹವಾಸವನ್ನೇ ತಪ್ಪಿಸುತ್ತಿರುವುದಾಗಿಯೂ ತೋಡಿಕೊಂಡಿದ್ದಾನೆ. ‘ನನಗೆ ಕಿವಿಯಲ್ಲಿ ಸದ್ದಿನ ತೊಂದರೆಯಿದೆ, ದಯವಿಟ್ಟು ನನ್ನತ್ತ ಮುಖ ಮಾಡಿ ಮಾತಾಡಿ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಅದಕ್ಕಿಂತ ಹೆಚ್ಚಿನ ವಿವರಣೆ ಬೇಡ, ಕ್ಷಮೆಯಂತೂ ಕೇಳಲೇಬೇಡಿ.

ಹಲವು ವಾರ ಕಳೆದರೂ ಅಳುಕಿನ ಅಂಕ ಇಳಿಯದಿದ್ದರೆ ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ, ಅಂದರೆ ಯೋಚಿಸುವ ಮತ್ತು ನಡೆದುಕೊಳ್ಳುವ ರೀತಿಯನ್ನು ಮಾತುಕತೆಯ ಮೂಲಕ ಬದಲಿಸಲು ಕಲಿಸುವ ಚಿಕಿತ್ಸೆ) ಬಲ್ಲ ಮನಃಶಾಸ್ತ್ರಜ್ಞರನ್ನು ಕಾಣಿ. ಈ ಸಂಕಟ ತಗ್ಗಿಸುವುದರಲ್ಲಿ ಅತ್ಯಂತ ಗಟ್ಟಿ ಪುರಾವೆಯಿರುವುದು ಅದಕ್ಕೇ. ಬದುಕೇ ಬೇಡವೆನಿಸಿದರೆ ವಾರಗಳನ್ನು ಎಣಿಸದೆ ಅಂದೇ ವೈದ್ಯರ ಬಳಿ ಹೋಗಿ. ನಿದ್ದೆಗೆಟ್ಟ ಮರುದಿನ ಸದ್ದು ಜೋರೆನಿಸುವುದುಂಟು; ಅಂದು ಪಟ್ಟಿಯಲ್ಲಿ ಒಂದೇ ಒಂದು ಕೆಲಸದಷ್ಟು ಹಿಂದೆ ಸರಿಯಿರಿ, ಮೊದಲಿನಿಂದ ಶುರು ಮಾಡಬೇಡಿ.